ಎಲ್ಲ ಹೇಳಿಯೂ ಒಂದು ಮಾತು ಹೇಳದವನು

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕೆಂದಿರುವುದು ಒಂದು ಬಗೆಯ ಕಾದಂಬರಿಗಳನ್ನು ಓದುವ ಬಗ್ಗೆ. ಮೊದಲ ಸಲ ಓದಿ ಮುಗಿಸಿದಾಗ ಕಥೆ ಗೊತ್ತಾಯಿತು ಅನ್ನಿಸುತ್ತದೆ. ಆದರೂ ಏನೋ ಒಂದು ಕೊರೆಯುತ್ತಾ ಇರುತ್ತದೆ. ಎಲ್ಲೋ ಒಂದು ಮಾತು ಹೊಂದಲಿಲ್ಲ. ಯಾರೋ ಒಬ್ಬರು ಸುಮ್ನೆ ಬಂದು ಹೋದ ಹಾಗಿತ್ತು. ಸರಿ, ನೋಡೋಣ ಅಂತ ಹಿಂದಿನ ಪುಟಗಳಿಗೆ ಹೋಗಿ ಹುಡುಕಲು ಕೂತರೆ, ನಾವು ಓದಿದ ಕಥೆಯ ಅಡಿಯಲ್ಲಿ ಇನ್ನೊಂದು ಕಥೆ ನಡೆದಿರುವುದು ಕಾಣುತ್ತದೆ.

ಇಂಥ ಬರವಣಿಗೆಗೆ ಹೆಸರಾದವರು ಅಮೆರಿಕದ ಜೀನ್ ವುಲ್ಫ್. ಹುಟ್ಟಿದ್ದು 1931ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ. ಕೊರಿಯಾ ಯುದ್ಧದಲ್ಲಿ ಸೈನಿಕರಾಗಿದ್ದರು. ಆಮೇಲೆ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದರು. ಪ್ರಿಂಗಲ್ಸ್ ಚಿಪ್ಸ್ ಡಬ್ಬಿ ಅಂಗಡಿಯಲ್ಲಿ ನೋಡಿರುತ್ತೀರಿ, ಆ ಚಿಪ್ಸನ್ನು ಬೇಯಿಸುವ ಯಂತ್ರ ರೂಪಿಸಿದವರಲ್ಲಿ ಅವರೂ ಒಬ್ಬರು. ಮುಂದೆ ಕಾರ್ಖಾನೆಗಳ ಎಂಜಿನಿಯರುಗಳಿಗಾಗಿ ಬರುವ ಒಂದು ಪತ್ರಿಕೆಯ ಸಂಪಾದಕ ಬಳಗದಲ್ಲಿ 1984ರವರೆಗೆ ದುಡಿದರು. ಕಥೆ, ಕಾದಂಬರಿ ಎಲ್ಲ ಈ ಕೆಲಸದ ನಡುವೆ ಬರೆದದ್ದು. 2019ರಲ್ಲಿ ತೀರಿಕೊಂಡರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಅವರ ಎರಡು ಪುಸ್ತಕಗಳ ಗುಟ್ಟು ಬಿಚ್ಚಿಡಲಿದ್ದೇನೆ. ಕಥೆಯ ಕೊನೆ ಗೊತ್ತಾದರೆ ಓದುವ ಸುಖ ಹೋಗುತ್ತದೆ ಎನ್ನುವವರು ಬೇಕಿದ್ದರೆ ಹೊರಗೆ ಕಾಫಿ ಕುಡಿದು ಬರಬಹುದು, ನನಗೇನೂ ಬೇಸರವಿಲ್ಲ. ಆದರೆ ಈ ಪುಸ್ತಕಗಳಿಗೆ ಆ ಭಯ ಬೇಡ ಎಂದು ನನ್ನ ನಂಬಿಕೆ. ಗುಟ್ಟು ತಿಳಿದ ಮೇಲೆ ಓದಿದರೇ ಇವು ಹೆಚ್ಚು ತಟ್ಟುತ್ತವೆ.

ಮೊದಲ ಪುಸ್ತಕ 'ದಿ ಬುಕ್ ಆಫ್ ದಿ ನ್ಯೂ ಸನ್'. ನಾಲ್ಕು ಸಂಪುಟಗಳ ಒಂದೇ ಕಾದಂಬರಿ. 1980ರಿಂದ 1983ರವರೆಗೆ ವರ್ಷಕ್ಕೊಂದರಂತೆ ಬಂತು. ಕಥೆ ನಡೆಯುವುದು ಊಹಿಸಲಾಗದಷ್ಟು ದೂರದ ಮುಂದಿನ ಕಾಲದಲ್ಲಿ. ಸೂರ್ಯ ಮಂಕಾಗಿ ಕೆಂಪಗಾಗಿದ್ದಾನೆ. ನಮ್ಮ ಕಾಲದ ನೆನಪು ಯಾರಿಗೂ ಉಳಿದಿಲ್ಲ. ನೆಸ್ಸಸ್ ಅನ್ನುವ ದೊಡ್ಡ ಹಳೇ ನಗರ. ಅಲ್ಲಿ ಕೈದಿಗಳಿಗೆ ಚಿತ್ರಹಿಂಸೆ ಕೊಡುವುದನ್ನೇ ಕಸುಬಾಗಿ ಮಾಡಿಕೊಂಡ ಒಂದು ಸಂಘ. ಆ ಸಂಘದಲ್ಲಿ ಬೆಳೆದ ಹುಡುಗ ಸೆವೇರಿಯನ್. ತೆಕ್ಲಾ ಅನ್ನುವ ಕೈದಿ ಹೆಂಗಸಿನ ಮೇಲೆ ಅವನಿಗೆ ಮನಸ್ಸಾಗುತ್ತದೆ. ಅವಳ ನೋವು ನೋಡಲಾರದೆ ಸಾಯಲು ಒಂದು ಚಾಕು ಕೊಡುತ್ತಾನೆ. ಕರುಣೆ ತೋರಿದ ತಪ್ಪಿಗೆ ಸಂಘ ಅವನನ್ನು ದೂರದ ಊರಿಗೆ ಕಳಿಸುತ್ತದೆ. ಮುಂದೆ ಅವನೇ ನಾಡಿನ ಅರಸನಾಗುತ್ತಾನೆ. ಅರಸನಾದ ಮೇಲೆ ಕೂತು ತನ್ನ ಕಥೆ ಬರೆಯುತ್ತಾನೆ. ನಾವು ಓದುವುದು ಅವನು ಬರೆದದ್ದನ್ನು. ತಾನು ಏನನ್ನೂ ಮರೆಯುವುದಿಲ್ಲ ಎಂದು ಅವನು ಶುರುವಿನಲ್ಲೇ ಹೇಳಿಕೊಳ್ಳುತ್ತಾನೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಮೊದಲು ಒಂದು ಸುಲಭದ ಸುಳಿವು. ಹುಡುಗ ಸೆವೇರಿಯನ್ ಏನೋ ಕೆಲಸದ ಮೇಲೆ ಹೋಗುವಾಗ ದಾರಿಯಲ್ಲಿ ರೂಡಸಿಂಡ್ ಎಂಬ ಮುದುಕ ಸಿಗುತ್ತಾನೆ. ಹಳೆಯ ಚಿತ್ರಗಳ ಕೊಳೆ ತೆಗೆಯುವುದು ಅವನ ಕೆಲಸ. ಆಗ ಅವನ ಮುಂದಿರುವ ಚಿತ್ರದಲ್ಲಿ ಒಬ್ಬ ಕವಚಧಾರಿ. ಸುತ್ತ ಬರೀ ಬರಡು ನೆಲ. ಕೈಯಲ್ಲಿ ಆಯುಧವಿಲ್ಲ. ಒಂದು ಕೋಲು, ಅದಕ್ಕೊಂದು ಬಾವುಟ, ಆದರೆ ಬಾವುಟ ಅಲುಗಾಡದೆ ಸೆಟೆದು ನಿಂತಿದೆ. ಮುಖದ ಮೇಲೆ ಬಂಗಾರದ ಬಣ್ಣದ ಮುಸುಕು. ಅದಕ್ಕೆ ಕಣ್ಣಿನ ತೂತುಗಳೂ ಇಲ್ಲ, ಎದುರಿನ ಮರುಭೂಮಿ ಅದರಲ್ಲಿ ಪ್ರತಿಫಲಿಸುತ್ತಿದೆ.

ನಿಮಗೆ ಗೊತ್ತಾಯಿತು ಅಲ್ವಾ? ಚಂದ್ರನ ಮೇಲೆ ನಿಂತ ಗಗನಯಾತ್ರಿ. ಚಂದ್ರನಲ್ಲಿ ಗಾಳಿಯಿಲ್ಲ, ಅದಕ್ಕೇ 1969ರಲ್ಲಿ ಅಲ್ಲಿ ನೆಟ್ಟ ಬಾವುಟದ ಮೇಲಂಚಿಗೆ ಅಡ್ಡಕ್ಕೊಂದು ಸರಳು ಹಾಕಿದ್ದರು. ಸೆವೇರಿಯನ್‌ಗೆ ಇದು ಯಾವುದೂ ಗೊತ್ತಿಲ್ಲ. ಅವನ ಕಾಲದ ಚಂದ್ರ ಹಸಿರಾಗಿದ್ದಾನೆ, ಅಲ್ಲಿ ಕಾಡು ಬೆಳೆದಿದೆ. ಅವನ ಕಣ್ಣಿಗೆ ಅದು ಯಾರೋ ಹಳೇ ಕಾಲದ ಯೋಧನ ಚಿತ್ರ, ಅಷ್ಟೆ.

ವುಲ್ಫ್ ಈ ಚಿತ್ರವನ್ನು ಇಷ್ಟು ಬೇಗ, ಇಷ್ಟು ಸುಲಭವಾಗಿ ಯಾಕೆ ಇಟ್ಟರು? ನನಗನ್ನಿಸುವುದು, ಇದು ನಮಗೆ ಕೊಟ್ಟ ಪಾಠ. ಕಥೆ ಹೇಳುವವನು ಕಂಡದ್ದನ್ನು ಸರಿಯಾಗಿ ಹೇಳುತ್ತಾನೆ. ಕಂಡದ್ದು ಏನು ಅನ್ನುವುದು ಅವನಿಗೆ ಗೊತ್ತಿಲ್ಲದೆ ಇರಬಹುದು. ಹಾಗಾಗಿ ಅವನ ಕಣ್ಣನ್ನು ನಂಬಿ, ಅವನ ತೀರ್ಮಾನವನ್ನು ನಂಬಬೇಡಿ. ಇದೊಂದು ಅಭ್ಯಾಸ ಬಂದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಸಂಘದವರು ವಾಸಿಸುವ ಗೋಪುರದ ಗೋಡೆಗಳು ಲೋಹದವು ಯಾಕೆ? ಅದು ಎಂದೋ ಹಾರುವುದನ್ನು ನಿಲ್ಲಿಸಿದ ರಾಕೆಟ್ಟು. ಸೆವೇರಿಯನ್ ಅದನ್ನು ಗೋಪುರ ಅನ್ನುತ್ತಾನೆ, ಯಾಕೆಂದರೆ ಹುಟ್ಟಿದಾಗಿನಿಂದ ಅದು ಅವನ ಮನೆ.

ಇಷ್ಟು ಪೀಠಿಕೆ ಸಾಕು. ಈಗ ನನಗೆ ತುಂಬಾ ಹಿಡಿಸಿದ ಒಂದು ಸುಳಿವಿನ ಸರಣಿಗೆ ಬರುತ್ತೇನೆ. ನಾಲ್ಕೂ ಸಂಪುಟಗಳ ಉದ್ದಕ್ಕೆ ಇದು ಹರಡಿಕೊಂಡಿದೆ. ಓದುಗನಿಗೆ ಎದುರಾಗುವ ಕ್ರಮದಲ್ಲೇ ಹೇಳುತ್ತೇನೆ, ನೀವೂ ಜೋಡಿಸಿಕೊಳ್ಳುತ್ತಾ ಬನ್ನಿ.

ಮೊದಲ ಸಂಪುಟದ ಆರಂಭದಲ್ಲಿ ಸೆವೇರಿಯನ್ ತನ್ನ ಸಂಘದ ಪದ್ಧತಿ ವಿವರಿಸುತ್ತಾನೆ. ಸಂಘಕ್ಕೆ ಹೊರಗಿನಿಂದ ಯಾರೂ ಸೇರುವುದಿಲ್ಲ. ಅಲ್ಲಿನ ಹುಡುಗರೆಲ್ಲ ಸಂಘದ ಕೈಗೆ ಸಿಕ್ಕ ಕೈದಿಗಳ ಮಕ್ಕಳು. ಅಪ್ಪ ಅಮ್ಮ ಯಾರೆಂದು ಅವರಿಗೆ ಗೊತ್ತಿಲ್ಲ. ಇದನ್ನು ಅವನು ಶಾಲೆಯ ನಿಯಮ ಹೇಳಿದಷ್ಟೇ ಸಹಜವಾಗಿ ಹೇಳಿ ಮುಂದೆ ಹೋಗುತ್ತಾನೆ. ನಾವೂ ಹೋಗುತ್ತೇವೆ.

ಊರು ಬಿಟ್ಟು ಹೊರಟ ಅವನಿಗೆ ಒಬ್ಬ ಅಪರಿಚಿತ ದ್ವಂದ್ವಯುದ್ಧಕ್ಕೆ ಸವಾಲು ಹಾಕುತ್ತಾನೆ. ಆ ಯುದ್ಧದ ಆಯುಧ ಒಂದು ವಿಷದ ಗಿಡ. ಅದನ್ನು ಕೀಳಲು ಅಗಿಯಾ ಅನ್ನುವ ಹೆಂಗಸಿನ ಜೊತೆ ನಗರದ ಸಸ್ಯೋದ್ಯಾನಕ್ಕೆ ಹೋಗುತ್ತಾನೆ. ಅಲ್ಲೊಂದು ಕೆರೆ. ಜನ ತಮ್ಮ ಸತ್ತವರನ್ನು ಅದರಲ್ಲಿ ಮುಳುಗಿಸುತ್ತಾರೆ. ಹೆಣ ತೇಲದಿರಲಿ ಎಂದು ಗಂಟಲಲ್ಲಿ ಸೀಸದ ಗುಂಡು ತುಂಬುತ್ತಾರೆ. ಆ ನೀರಿನಲ್ಲಿ ಹೆಣ ಕೊಳೆಯುವುದಿಲ್ಲ. ಸಣ್ಣ ದೋಣಿಯಲ್ಲಿ ಒಬ್ಬ ಮುದುಕ ಆ ಕೆರೆಯಲ್ಲಿ ಹುಡುಕುತ್ತಾ ಇದ್ದಾನೆ. 40 ವರ್ಷದ ಹಿಂದೆ ಸತ್ತ ಹೆಂಡತಿಯನ್ನು ಮುಳುಗಿಸಿದ ಜಾಗದಲ್ಲಿ ಅವಳಿಲ್ಲವಂತೆ. ಅವಳ ಮುಖ ಇನ್ನೊಂದು ಸಲ ನೋಡಬೇಕು ಅನ್ನುವುದು ಅವನ ಆಸೆ. ಅವಳ ಹೆಸರು ಕ್ಯಾಸ್. ಕಥೆಯಲ್ಲಿ ಇಂಥ ವಿಚಿತ್ರ ಮುದುಕರು ಬಹಳ ಜನ ಬಂದು ಹೋಗುತ್ತಾರೆ. ಹಾಗಾಗಿ ಇವನನ್ನೂ ನಾವು ಅಲ್ಲೇ ಬಿಡುತ್ತೇವೆ.

ಆಮೇಲೆ ಸೆವೇರಿಯನ್ ಆ ನೀರಿಗೆ ಬೀಳುತ್ತಾನೆ. ಆಳದಲ್ಲಿ ಯಾರದೋ ಕೈ ಸಿಗುತ್ತದೆ. ಮೇಲೆ ಬಂದಾಗ ಅಲ್ಲಿ ಒಬ್ಬಳು ಎಳೆಯ ಹೆಂಗಸು ನೆನೆದು ನಿಂತಿದ್ದಾಳೆ. ಎಲ್ಲಿಂದ ಬಂದಳೋ ಅವಳಿಗೇ ನೆನಪಿಲ್ಲ. ಹೆಸರು ಮಾತ್ರ ನೆನಪಿದೆ, ಡಾರ್ಕಸ್. ಅವಳು ಜೊತೆಗೆ ಹೊರಡುತ್ತಾಳೆ. ಮುಂದೆ ಇಬ್ಬರೂ ಪ್ರೇಮಿಗಳಾಗುತ್ತಾರೆ.

ಯುದ್ಧಕ್ಕೆ ಮೊದಲು ಮೂವರೂ ಒಂದು ಊಟದ ಮನೆಗೆ ಹೋಗುತ್ತಾರೆ. ಅಲ್ಲಿ ಬಡಿಸುವವನು ಊವೆನ್ ಅನ್ನುವ ನಡುವಯಸ್ಸಿನವನು. ಯಾರೂ ನೋಡದ ಹಾಗೆ ಒಂದು ಚೀಟಿ ಇಡುತ್ತಾನೆ. ನಿನ್ನ ಜೊತೆ ಇರುವ ಹೆಂಗಸನ್ನು ನಂಬಬೇಡ, ಆ ಗಂಡಸು ಚಿತ್ರಹಿಂಸೆಯ ಸಂಘದವನಂತೆ, ನೀನು ಮತ್ತೆ ಹುಟ್ಟಿ ಬಂದ ನನ್ನ ತಾಯಿ ಎಂದು ಅದರಲ್ಲಿದೆ. ಮೊದಲ ಓದಿನಲ್ಲಿ ನಮ್ಮ ಗಮನವೆಲ್ಲ ಒಂದೇ ಕಡೆ: ನಂಬಬಾರದ ಹೆಂಗಸು ಯಾರು? ಅಗಿಯಾನಾ? ಕಥೆ ಆ ಪ್ರಶ್ನೆಗೆ ಬೇಗ ಉತ್ತರ ಕೊಟ್ಟುಬಿಡುತ್ತದೆ. ಉತ್ತರ ಸಿಕ್ಕಿತಲ್ಲ ಎಂದು ಚೀಟಿಯನ್ನೇ ಮರೆಯುತ್ತೇವೆ. ಕೊನೆಯ ಸಾಲು ಹಾಗೇ ಉಳಿದುಹೋಗುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಜಾಣತನದ ಜಾಗ ಇನ್ನೊಂದಿಲ್ಲ. ಸುಳಿವನ್ನು ಎಲ್ಲೂ ಬಚ್ಚಿಟ್ಟಿಲ್ಲ. ಅದರ ಪಕ್ಕದಲ್ಲೇ ಹೆಚ್ಚು ಗಲಾಟೆಯ ಇನ್ನೊಂದು ಸಂಗತಿಯನ್ನು ಇಟ್ಟಿದ್ದಾರೆ, ಅಷ್ಟೆ.

ಮೂರನೇ ಸಂಪುಟ. ಥ್ರ್ಯಾಕ್ಸ್ ಅನ್ನುವ ಊರಲ್ಲಿ ಡಾರ್ಕಸ್‌ಗೆ ಕಾಯಿಲೆಯಾಗುತ್ತದೆ. ವಾಂತಿಯಲ್ಲಿ ಸೀಸದ ಗುಂಡುಗಳು ಬರುತ್ತವೆ. ತಾನು ಸತ್ತಿದ್ದೆ ಎಂದು ಅವಳಿಗೆ ಆಗ ಖಾತ್ರಿಯಾಗುತ್ತದೆ. ತಾನು ಯಾರೆಂದು ತಿಳಿಯಲು ಸೆವೇರಿಯನ್‌ನನ್ನು ಬಿಟ್ಟು ನೆಸ್ಸಸ್‌ಗೆ ಹಿಂದಿರುಗುತ್ತಾಳೆ. ಸತ್ತವಳು ಎದ್ದದ್ದು ಹೇಗೆ ಅನ್ನುವುದಕ್ಕೂ ಆ ಹೊತ್ತಿಗೆ ನಮಗೊಂದು ಉತ್ತರ ಸಿಕ್ಕಿರುತ್ತದೆ. ಕೆರೆಗೆ ಬೀಳುವಾಗ ಸೆವೇರಿಯನ್‌ನ ಚೀಲದಲ್ಲಿ, ಅವನಿಗೇ ಗೊತ್ತಿಲ್ಲದ ಹಾಗೆ, ಅಗಿಯಾ ಕದ್ದು ಅಡಗಿಸಿಟ್ಟ, ಸತ್ತವರನ್ನೂ ಎಬ್ಬಿಸಬಲ್ಲದು ಅನ್ನುವ ಒಂದು ಪವಿತ್ರ ರತ್ನವಿತ್ತು.

ನಾಲ್ಕನೇ ಸಂಪುಟದ ಕೊನೆಯ ಭಾಗ. ನದಿಯ ಪಕ್ಕದ ಪಾಳುಬಿದ್ದ ಮನೆಯೊಂದರಲ್ಲಿ ಡಾರ್ಕಸ್ ಒಂದು ಹೆಣದ ಮುಂದೆ ಕೂತಿರುವುದನ್ನು ಸೆವೇರಿಯನ್ ನೋಡುತ್ತಾನೆ. ಹೆಣ ಆ ದೋಣಿಯ ಮುದುಕನದು. ಸೆವೇರಿಯನ್ ಅವಳನ್ನು ಮಾತಾಡಿಸದೆ ಹೊರಟುಹೋಗುತ್ತಾನೆ. ಆಮೇಲೆ ಹುಡುಕಿಕೊಂಡು ಹೋಗುವುದು ಊವೆನ್‌ನನ್ನು. ಊವೆನ್ ತಾನು ಮಗುವಾಗಿದ್ದಾಗಲೇ ತೀರಿಕೊಂಡ ತಾಯಿಯ ಚಿತ್ರವನ್ನು ಒಂದು ಪದಕದಲ್ಲಿ ಇಟ್ಟುಕೊಂಡಿದ್ದಾನೆ. ಮತ್ತೂ ಒಂದು ವಿಷಯ ಹೇಳುತ್ತಾನೆ. ಅವನಿಗೆ ಹಿಂದೆ ಕ್ಯಾಥರಿನ್ ಅನ್ನುವ ಒಬ್ಬಳು ಜೊತೆಗಾತಿ ಇದ್ದಳು. ಯಾವುದೋ ಸನ್ಯಾಸಿನಿಯರ ಗುಂಪಿನಿಂದ ಓಡಿಬಂದವಳು. ಅವಳನ್ನು ಅಧಿಕಾರಿಗಳು ಹಿಡಿದುಕೊಂಡು ಹೋದರು.

ಈಗ ಶುರುವಿನ ಮಾತು ನೆನಪಿಸಿಕೊಳ್ಳಿ. ಸಂಘದ ಹುಡುಗರೆಲ್ಲ ಕೈದಿಗಳ ಮಕ್ಕಳು.

ಕೆರೆಯ ಕ್ಯಾಸ್, ಡಾರ್ಕಸ್, ಊವೆನ್‌ನ ತಾಯಿ ಮೂವರೂ ಒಬ್ಬಳೇ. ಊವೆನ್ ಮತ್ತು ಅಧಿಕಾರಿಗಳು ಹಿಡಿದುಕೊಂಡು ಹೋದ ಕ್ಯಾಥರಿನ್‌ರ ಮಗ ಸೆವೇರಿಯನ್. ಅಂದರೆ ಡಾರ್ಕಸ್ ಅವನ ಅಜ್ಜಿ. ಹೆಸರಿನಲ್ಲೂ ಒಂದು ಎಳೆ ಇದೆ. ಈ ಪುಸ್ತಕದ ಮನುಷ್ಯರಿಗೆಲ್ಲ ಹೆಚ್ಚಾಗಿ ಕ್ರೈಸ್ತ ಸಂತರ ಹೆಸರುಗಳು. ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ, ಯೊಪ್ಪ ಅನ್ನುವ ಊರಲ್ಲಿ ಸತ್ತ ಒಬ್ಬ ಹೆಣ್ಣುಮಗಳನ್ನು ಪೇತ್ರ ಎಬ್ಬಿಸುತ್ತಾನೆ. ಅವಳ ಹೆಸರು ಇದೇ.

ಇಷ್ಟೂ ಸಂಗತಿಗಳನ್ನು ಸೆವೇರಿಯನ್ ಬರೆದಿದ್ದಾನೆ. ಒಂದನ್ನೂ ಬಿಟ್ಟಿಲ್ಲ. ಆದರೆ 'ಡಾರ್ಕಸ್ ನನ್ನ ಅಜ್ಜಿ' ಅನ್ನುವ ವಾಕ್ಯ ಈ ನಾಲ್ಕು ಸಂಪುಟಗಳಲ್ಲಿ ಎಲ್ಲೂ ಇಲ್ಲ.

ಯಾಕಿಲ್ಲ? ನಾನು ಇವತ್ತು ಮುಖ್ಯವಾಗಿ ಹೇಳಬೇಕಾದ್ದು ಇಲ್ಲೇ ಇದೆ. ಲೇಖಕ ನಮ್ಮ ಜೊತೆ ಒಗಟಿನ ಆಟ ಆಡುತ್ತಿದ್ದಾನೆ ಎಂದುಕೊಂಡರೆ ಉತ್ತರ ಸುಲಭ. ಬಚ್ಚಿಟ್ಟ, ಹುಡುಕಿದೆವು, ಗೆದ್ದೆವು. ಆದರೆ ಬರೆಯುತ್ತಿರುವವನ ಕಡೆಯಿಂದ ನೋಡಿ. ಅವನು ಆ ಹೆಂಗಸನ್ನು ಹೆಂಡತಿಯ ಹಾಗೆ ಪ್ರೀತಿಸಿದ್ದಾನೆ. ಅವಳು ಯಾರೆಂದು ತಿಳಿದದ್ದು ಆಮೇಲೆ. ಏನನ್ನೂ ಮರೆಯದ ಮನುಷ್ಯ, ಮರೆತೆ ಎಂದು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಸುಳ್ಳು ಬರೆಯಲು ಮನಸ್ಸಿಲ್ಲ. ನಿಜವನ್ನು ಒಂದು ವಾಕ್ಯವಾಗಿ ಬರೆಯಲು ಕೈ ಏಳುವುದಿಲ್ಲ. ಅದಕ್ಕೇ ಚೂರು ಚೂರಾಗಿ, ಬೇರೆ ಬೇರೆ ಪುಟಗಳಲ್ಲಿ ಇಟ್ಟುಹೋಗಿದ್ದಾನೆ. ಆ ಪಾಳುಮನೆಯ ಮುಂದೆ ಅವನು ಮಾತಾಡದೆ ಹೊರಟಿದ್ದು ಯಾಕೆ ಎಂದು ಮೊದಲ ಓದಿನಲ್ಲಿ ನಮಗೆ ತಿಳಿಯುವುದಿಲ್ಲ. ಎರಡನೇ ಓದಿನಲ್ಲಿ ಆ ಪುಟ ದಾಟುವುದು ಕಷ್ಟ.

ಸುಳಿವು ಜೋಡಿಸುವ ಕೆಲಸದಲ್ಲಿ ನಾವು ಕೇಳಬೇಕಾದ ಪ್ರಶ್ನೆ ನನ್ನ ಪ್ರಕಾರ ಒಂದೇ: ಇದನ್ನು ಹೇಳಲು ಇವನಿಗೆ ಯಾಕೆ ಆಗುತ್ತಿಲ್ಲ? ಈ ಪ್ರಶ್ನೆ ಹಿಡಿದುಕೊಂಡರೆ ಎಲ್ಲಿ ನೋಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಹೇಳುವವನು ಎಲ್ಲಿ ಅವಸರ ಮಾಡಿದ? ಎಲ್ಲಿ ಕೇಳದೆ ಇದ್ದರೂ ಕಾರಣ ಕೊಟ್ಟ? ಯಾರ ಬಗ್ಗೆ ಮಾತಾಡುವಾಗ ಸಂಬಂಧವೇ ಇಲ್ಲದ ಬೇರೆ ವಿಷಯಕ್ಕೆ ಹೊರಳಿದ? ಪೆನ್ಸಿಲ್ ಹಿಡಿದು ಇಂಥ ಜಾಗಗಳಿಗೆ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಏನನ್ನೂ ಬಿಡಿಸಲು ಹೋಗಬೇಡಿ, ಸುಮ್ನೆ ಗೆರೆ ಎಳೆದು ಮುಂದೆ ಓದಿ.

ಇದಕ್ಕೆ ಸೇರಿದ ಇನ್ನೊಂದು ಸಂಗತಿ. ಎರಡನೇ ಸಂಪುಟದಲ್ಲಿ ಸೆವೇರಿಯನ್ ಒಂದು ಭಯಂಕರ ವಿಧಿಯಲ್ಲಿ ಪಾಲುಗೊಳ್ಳುತ್ತಾನೆ. ಸತ್ತವರ ಮಾಂಸವನ್ನು ಒಂದು ಮದ್ದಿನ ಜೊತೆ ತಿಂದರೆ ಅವರ ನೆನಪುಗಳು ತಿಂದವರೊಳಗೆ ಬರುತ್ತವೆ. ಹಾಗೆ ತೆಕ್ಲಾ ಅವನೊಳಗೆ ಸೇರುತ್ತಾಳೆ. ಅಲ್ಲಿಂದ ಮುಂದೆ ಅವನ 'ನಾನು' ಕೆಲವೊಮ್ಮೆ ಅವಳ 'ನಾನು'. ಅರಸನಾಗುವಾಗ ಹಿಂದಿನ ಅರಸನ ನೆನಪುಗಳೂ, ಅವನೊಳಗಿದ್ದ ಎಷ್ಟೋ ಜನರ ನೆನಪುಗಳೂ ಬಂದು ಸೇರುತ್ತವೆ. ಈ ಎಲ್ಲ ಆದ ಮೇಲೆ ಕೂತು ಅವನು ಮೊದಲ ಪುಟ ಬರೆದದ್ದು! ಹಾಗಾದರೆ ನಾವು ಮೊದಲ ಪುಟದಿಂದ ಕೇಳುತ್ತಿದ್ದ ದನಿ ಆ ಹುಡುಗನದೇನಾ? ತೆಕ್ಲಾಳ ಬಗ್ಗೆ ಅವನು ಬರೆದ ಸಾಲುಗಳನ್ನು ಅವಳೂ ಒಳಗಿನಿಂದ ನೋಡುತ್ತಿದ್ದಳಾ? ಈ ಪ್ರಶ್ನೆ ಇಟ್ಟುಕೊಂಡು ಮೊದಲ ಸಂಪುಟದ ಕಾರಾಗೃಹದ ದೃಶ್ಯಗಳನ್ನು ಮತ್ತೆ ಓದಿ ನೋಡಿ. ಅವಳ ಮಾತುಗಳು ಅಷ್ಟು ವಿವರವಾಗಿ, ಅಷ್ಟು ಮೃದುವಾಗಿ ಯಾಕೆ ಬಂದಿವೆ ಎಂದು ತಿಳಿಯುತ್ತದೆ.

ಇದನ್ನೆಲ್ಲ ಕೇಳುವಾಗ ನಿಮ್ಮಲ್ಲಿ ಕೆಲವರಿಗೆ ನಮ್ಮ ಬೆಡಗಿನ ವಚನಗಳು, ದಾಸರ ಮುಂಡಿಗೆಗಳು ನೆನಪಿಗೆ ಬಂದಿರಬಹುದು. ನನಗೂ ಬಂದಿವೆ. ಅಲ್ಲಮನ ಬೆಡಗುಗಳಿಗೆ ಟೀಕೆ, ಅಂದರೆ ಅರ್ಥವಿವರಣೆ, ಬರೆದವರ ಪರಂಪರೆಯೇ ನಮ್ಮಲ್ಲಿದೆ. ಅಡಗಿದ ಅರ್ಥ ಹುಡುಕಿ ಓದುವುದು ಕನ್ನಡದ ಓದುಗರಿಗೆ ಹೊಸದಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಬೆಡಗಿನಲ್ಲಿ ಮಾತೇ ಅಸಂಭವವಾಗಿರುತ್ತದೆ. ನಡೆಯಲಾರದ್ದು ನಡೆಯುತ್ತದೆ, ಆದ್ದರಿಂದ ಇದರೊಳಗೆ ಬೇರೆ ಏನೋ ಇದೆ ಎಂದು ಮೊದಲ ಸಾಲಿಗೇ ಗೊತ್ತಾಗುತ್ತದೆ. ವುಲ್ಫ್ ಬರೆಯುವ ಸಾಲು ಸಾದಾ ಸಾಲು. ಒಬ್ಬ ಮುದುಕ ಹೆಂಡತಿಯನ್ನು ಹುಡುಕುತ್ತಿದ್ದಾನೆ. ಒಬ್ಬ ಬಡಿಸುವವನು ಚೀಟಿ ಕೊಟ್ಟ. ಒಗಟು ಇದೆ ಅನ್ನುವುದನ್ನೇ ನಾವು ಮೊದಲು ಕಂಡುಹಿಡಿಯಬೇಕು. ಗುರುವೊಬ್ಬ ಕೂತು ಬಿಡಿಸಿ ಹೇಳುವ ಏರ್ಪಾಡೂ ಇಲ್ಲಿಲ್ಲ.

ಎರಡನೇ ಪುಸ್ತಕಕ್ಕೆ ಬರುತ್ತೇನೆ. 'ದಿ ಫಿಫ್ತ್ ಹೆಡ್ ಆಫ್ ಸರ್ಬೆರಸ್', 1972ರದು. ಮೂರು ನೀಳ್ಗತೆಗಳು ಸೇರಿ ಒಂದು ಪುಸ್ತಕ. ಸೇಂಟ್ ಕ್ರಾ ಮತ್ತು ಸೇಂಟ್ ಆನ್ ಎಂಬ ಅವಳಿ ಗ್ರಹಗಳು. ಭೂಮಿಯಿಂದ ಹೋದ ಫ್ರೆಂಚರು ಅಲ್ಲಿ ಮೊದಲು ನೆಲೆಸಿದವರು. ಸೇಂಟ್ ಆನ್‌ನಲ್ಲಿ ಅದಕ್ಕೂ ಮೊದಲು ಮೂಲನಿವಾಸಿಗಳು ಇದ್ದರಂತೆ. ಅವರು ಯಾವ ರೂಪ ಬೇಕಾದರೂ ತಾಳಬಲ್ಲವರಾಗಿದ್ದರಂತೆ. ಒಂದು ಕೊರತೆ ಮಾತ್ರ ಇತ್ತಂತೆ: ಕೈಯಲ್ಲಿ ಉಪಕರಣ ಹಿಡಿದು ಬಳಸಲು ಅವರಿಗೆ ಬರುತ್ತಿರಲಿಲ್ಲ. ಅವರೆಲ್ಲ ನಾಶವಾದರು ಎಂದು ಕೆಲವರು ಹೇಳುತ್ತಾರೆ. ವೀಲ್ ಎಂಬ ವಿದ್ವಾಂಸರ ಊಹೆ ಬೇರೆ. ಮೂಲನಿವಾಸಿಗಳು ಬಂದ ಮನುಷ್ಯರನ್ನು ಕೊಂದು, ಅವರ ರೂಪ ತಾಳಿದರು. ಎಷ್ಟು ಚೆನ್ನಾಗಿ ಅನುಕರಿಸಿದರೆಂದರೆ ತಾವು ಮನುಷ್ಯರಲ್ಲ ಅನ್ನುವುದನ್ನೇ ಮರೆತುಬಿಟ್ಟರು.

ಮೊದಲ ಕಥೆಯಲ್ಲಿ ಮಾರ್ಷ್ ಎಂಬ ಮಾನವಶಾಸ್ತ್ರಜ್ಞ ಭೂಮಿಯಿಂದ ಬಂದವನೆಂದು ಹೇಳಿಕೊಂಡು ಬರುತ್ತಾನೆ. ಕಥೆ ಹೇಳುವ ಹುಡುಗನ ಬದುಕೇ ಅಲ್ಲಿ ಮುಖ್ಯ, ಮಾರ್ಷ್ ಒಬ್ಬ ಅತಿಥಿ. ಮೂರನೇ ಕಥೆಯ ಹೊತ್ತಿಗೆ ಅವನು ಜೈಲಿನಲ್ಲಿದ್ದಾನೆ. ಅವನ ಟಿಪ್ಪಣಿ ಪುಸ್ತಕಗಳು, ವಿಚಾರಣೆಯ ದಾಖಲೆಗಳು, ಟೇಪುಗಳು ಒಂದು ಪೆಟ್ಟಿಗೆಯಲ್ಲಿ ಒಬ್ಬ ಅಧಿಕಾರಿಯ ಮೇಜಿಗೆ ಬರುತ್ತವೆ. ಅವನು ಓದಿದ್ದೇ ನಮಗೂ ಓದಲು ಸಿಗುವುದು.

ಟಿಪ್ಪಣಿಗಳಲ್ಲಿ ಮಾರ್ಷ್ ಮೂಲನಿವಾಸಿಗಳನ್ನು ಹುಡುಕಿ ಕಾಡಿಗೆ ಹೊರಟ ಕಥೆ ಇದೆ. ದಾರಿ ತೋರಿಸಲು ಒಬ್ಬ ಹುಡುಗ. ಅವನ ತಾಯಿ ಮೂಲನಿವಾಸಿ ಎಂದು ಮಾತು. ಒಂದು ದಿನದ ಟಿಪ್ಪಣಿಯಲ್ಲಿ ಹುಡುಗ ಅಪಘಾತದಲ್ಲಿ ಸತ್ತ ಎಂದಿದೆ. ಅಲ್ಲಿಂದ ಕೈಬರಹ ಬದಲಾಗುತ್ತದೆ. ಬೆಕ್ಕು ಕೈ ಕಚ್ಚಿತು, ಅದಕ್ಕೇ ಅಕ್ಷರ ಕೆಟ್ಟಿದೆ ಎಂದು ಬರೆದವನೇ ಕಾರಣ ಕೊಡುತ್ತಾನೆ. ಕೇಳದೆ ಕೊಟ್ಟ ಕಾರಣ! ಉಪಕರಣ ಹಿಡಿಯಲು ಬಾರದ ಜನ ಅನ್ನುವ ಮಾತು ನೆನಪಿದ್ದವರಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ಲೇಖನಿಯೂ ಒಂದು ಉಪಕರಣ ತಾನೇ? ಕಾಡಿನಲ್ಲಿ ಸತ್ತದ್ದು ಯಾರು, ಮಾರ್ಷ್ ಎಂಬ ಹೆಸರಿಟ್ಟುಕೊಂಡು ಊರಿಗೆ ಬಂದದ್ದು ಯಾರು ಎಂದು ಆಗ ಹೊಳೆಯುತ್ತದೆ. ಮೂರನೇ ಕಥೆಯ ಹೆಸರಾದ ಮೂರು ಅಕ್ಷರಗಳು, ವಿ. ಆರ್. ಟಿ., ಆ ಹುಡುಗನ ಹೆಸರಿನವೇ. ಮೊದಲ ಕಥೆಯಲ್ಲಂತೂ ಒಬ್ಬ ಪಾತ್ರ ಮಾರ್ಷ್‌ನ ಮುಖಕ್ಕೇ ನೀನು ಮೂಲನಿವಾಸಿ ಎಂದು ಹೇಳಿರುತ್ತಾನೆ. ಅದು ಬಾಯಿಗೆ ಬಂದ ಬೈಗುಳ ಎಂದು ನಾವು ತಳ್ಳಿಹಾಕಿರುತ್ತೇವೆ.

ಆದರೆ ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಅಧಿಕಾರಿ. ಅವನ ಮುಂದೆ ಎಲ್ಲ ಕಾಗದಗಳೂ ಇವೆ. ನಮಗಿಂತ ಜಾಸ್ತಿಯೇ ಇವೆ. ಅವನು ಅಲ್ಲೊಂದು ಪುಟ, ಇಲ್ಲೊಂದು ಟೇಪು ಎತ್ತಿಕೊಳ್ಳುತ್ತಾನೆ. ಕ್ರಮವಿಲ್ಲ. ಬೇಸರವಾದರೆ ಬಿಟ್ಟುಬಿಡುತ್ತಾನೆ. ಕೊನೆಗೆ ಕೈದಿಯನ್ನು ಬಿಡುವುದು ಬೇಡ ಎಂದು ತೀರ್ಮಾನಿಸುತ್ತಾನೆ. ಅವನಿಗೆ ಆ ಕೈದಿ ಪಕ್ಕದ ಗ್ರಹದ ಗೂಢಚಾರನಾ ಅನ್ನುವ ಚಿಂತೆ ಮಾತ್ರ. ಬೇರೆ ಏನನ್ನೂ ಹುಡುಕದವನಿಗೆ ಬೇರೆ ಏನೂ ಕಾಣಲಿಲ್ಲ. ಒಬ್ಬ ಮನುಷ್ಯನ ಇಡೀ ಬದುಕು ಒಬ್ಬ ಸೋಮಾರಿ ಓದುಗನ ಕೈಯಲ್ಲಿ ಮುಗಿದುಹೋಗುತ್ತದೆ. ಮನುಷ್ಯ ಅಂದೆ ನೋಡಿ. ಅವನು ಮನುಷ್ಯನಾ ಅನ್ನುವುದೇ ಪ್ರಶ್ನೆ. ಹಾಗಿದ್ದರೂ ಆ ಪದ ಬಿಟ್ಟು ಬೇರೆ ಪದ ಬಳಸಲು ನನಗೆ ಮನಸ್ಸು ಬರುವುದಿಲ್ಲ. ಆ ಜೈಲಿನ ಪುಟಗಳನ್ನು ಓದಿದವರಿಗೆ ಯಾಕೆಂದು ತಿಳಿದೀತು.

ಪುಸ್ತಕದೊಳಗೇ ಒಬ್ಬ ಕೆಟ್ಟ ಓದುಗನನ್ನು ಕೂರಿಸಿ, ಅದೇ ಕಾಗದಗಳನ್ನು ನಮ್ಮ ಕೈಗೂ ಕೊಟ್ಟಿದ್ದಾರೆ ವುಲ್ಫ್. ಅವನು ಮಾಡದ ಕೆಲಸವನ್ನು ನಾವು ಮಾಡಬೇಕು. ಸುಳಿವು ಹುಡುಕುವುದು ಬುದ್ಧಿವಂತರ ಕಾಲಹರಣ ಎಂದು ಯಾರಾದರೂ ಹೇಳಿದರೆ ನಾನು ಈ ಕಥೆಯನ್ನು ತೋರಿಸುತ್ತೇನೆ.

ಮಾತು ಮುಗಿಸಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದ್ದು: "ಸರ್, ಇದನ್ನೆಲ್ಲ ಲೇಖಕರು ಯೋಚಿಸಿಯೇ ಬರೆದಿದ್ದಾರಾ? ಇಲ್ಲಾ ಓದುಗರು ಹುಟ್ಟಿಸಿಕೊಳ್ಳುತ್ತಿದ್ದಾರಾ?"

ನ್ಯಾಯವಾದ ಪ್ರಶ್ನೆ. ನ್ಯೂ ಸನ್ ವಿಷಯದಲ್ಲಿ ಒಂದು ಮಾತು ಖಚಿತ. ಮೊದಲ ಸಂಪುಟ ಅಚ್ಚಾಗುವ ಮೊದಲೇ ನಾಲ್ಕೂ ಸಂಪುಟಗಳ ಕರಡು ವುಲ್ಫ್ ಅವರ ಬಳಿ ಇತ್ತು. ಹಾಗಾಗಿ ಮೊದಲ ಸಂಪುಟದ ಚೀಟಿ ನಾಲ್ಕನೇ ಸಂಪುಟದ ಪದಕವನ್ನು ನೋಡಿಕೊಂಡೇ ಬರೆದದ್ದು. ಆದರೆ ಓದುಗರು ಕಟ್ಟುವ ಎಲ್ಲ ವಾದಗಳೂ ಅಷ್ಟು ಗಟ್ಟಿಯಾಗಿಲ್ಲ. ಸೆವೇರಿಯನ್‌ಗೆ ಒಬ್ಬಳು ಅವಳಿ ಸೋದರಿ ಇದ್ದಾಳೆ, ಅವಳು ಇಂಥವಳೇ ಎಂದು ಬೇರೆ ಬೇರೆ ಪಾತ್ರಗಳ ಕಡೆಗೆ ಬೆರಳು ತೋರಿಸುವವರಿದ್ದಾರೆ. ನನಗೆ ಅದರಲ್ಲಿ ಯಾವುದೂ ಪೂರ್ತಿ ಒಪ್ಪಿಗೆಯಾಗಿಲ್ಲ.

ನಾನು ಬಳಸುವ ಪರೀಕ್ಷೆ ಇದು. ಒಂದು ಊಹೆ ಮಾಡಿದ ಮೇಲೆ, ಅದನ್ನು ಮಾಡುವಾಗ ನಾನು ಯೋಚಿಸಿಯೇ ಇರದ ಬೇರೊಂದು ಜಾಗ ಅದರಿಂದ ಬಿಚ್ಚಿಕೊಳ್ಳುತ್ತದಾ? ಡಾರ್ಕಸ್ ಅಜ್ಜಿ ಎಂದು ಒಪ್ಪಿದರೆ ಸೀಸದ ಗುಂಡು, ಚೀಟಿ, ಪದಕ ಮಾತ್ರವಲ್ಲ, ಪಾಳುಮನೆಯ ಮುಂದಿನ ಮೌನವೂ ಅರ್ಥವಾಗುತ್ತದೆ. ಆ ಮೌನ ಸುಳಿವೆಂದು ನಾನು ಎಣಿಸಿರಲೇ ಇಲ್ಲ. ಹೀಗೆ ಆದರೆ ಊಹೆಗೆ ಬಲ ಬಂತು. ಬದಲಿಗೆ ಪ್ರತಿ ಹೊಸ ಪುಟಕ್ಕೂ ಒಂದು ಹೊಸ ಸಮಜಾಯಿಷಿ ಬೇಕಾಗುತ್ತಿದ್ದರೆ ಆ ಊಹೆ ಬಿಡುವುದೇ ವಾಸಿ. ಇನ್ನೂ ಒಂದು ಇದೆ. ಕೆಲವು ಬಾಗಿಲುಗಳನ್ನು ವುಲ್ಫ್ ಬೇಕೆಂದೇ ತೆರೆದು ಬಿಟ್ಟಿದ್ದಾರೆ. ವೀಲ್ ಅವರ ಊಹೆ ನಿಜವಾ? ಆ ಎರಡು ಗ್ರಹಗಳಲ್ಲಿ ಮನುಷ್ಯರು ಒಬ್ಬರಾದರೂ ಉಳಿದಿದ್ದಾರಾ? ತಾವು ಯಾರೆಂದು ಅವರಿಗೇ ಗೊತ್ತಾಗದ ಲೋಕದಲ್ಲಿ ನಮಗೆ ಮಾತ್ರ ಗೊತ್ತಾಗಿಬಿಟ್ಟರೆ ಕಥೆಯೇ ಸುಳ್ಳಾಗುತ್ತದೆ. ಅಂಥ ಕಡೆ ಉತ್ತರಕ್ಕಾಗಿ ಹಟ ಹಿಡಿಯಬಾರದು.

ಇನ್ನೊಬ್ಬರು, ಕಾಲೇಜು ಹುಡುಗಿ, ಕೇಳಿದ್ದು: "ಎಲ್ಲಿಂದ ಶುರು ಮಾಡಲಿ? ನಾಲ್ಕು ಸಂಪುಟ ಅಂದ್ರೆ ಭಯ ಆಗತ್ತೆ."

ಭಯ ಬೇಡಮ್ಮಾ. 'ಫಿಫ್ತ್ ಹೆಡ್' ಚಿಕ್ಕ ಪುಸ್ತಕ, ಅದರಿಂದ ಶುರು ಮಾಡು. ಮೂರು ಕಥೆಗಳನ್ನೂ ಇರುವ ಕ್ರಮದಲ್ಲೇ ಓದು. ಎರಡನೆಯದು ಕಗ್ಗಂಟು ಅನ್ನಿಸುತ್ತದೆ, ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡಬೇಡ. ಅದರ ತಲೆಬರಹದಲ್ಲೇ ಅದನ್ನು ಬರೆದವನು ಮಾರ್ಷ್ ಎಂದಿದೆ. ಯಾವ ಮಾರ್ಷ್ ಎಂದು ಮೂರನೇ ಕಥೆ ಮುಗಿದ ಮೇಲೆ ಕೇಳಿಕೋ. ನಡುವೆ ಯಾವ ವಿವರಣೆಯನ್ನೂ ಹುಡುಕಿ ಓದಬೇಡ, ನಾನು ಇವತ್ತು ಹೇಳಿದ್ದೇ ಜಾಸ್ತಿಯಾಯಿತು. ಒಂದೆರಡು ತಿಂಗಳು ಬಿಟ್ಟು ಮೊದಲ ಕಥೆಗೆ ವಾಪಸ್ ಬಾ. ಮಾರ್ಷ್ ಬಾಯಿ ಬಿಟ್ಟಾಗಲೆಲ್ಲ ನಿಧಾನವಾಗಿ ಓದು. ಆಮೇಲೆ ನ್ಯೂ ಸನ್ ತಾನಾಗಿ ಕೈಗೆ ಬರುತ್ತದೆ. ಜೊತೆಗೆ ಒಬ್ಬ ಗೆಳತಿಗೂ ಅದೇ ಪುಸ್ತಕ ಓದಲು ಹೇಳು. ಇಬ್ಬರೂ ಗೆರೆ ಎಳೆದ ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅವಳು ಗೆರೆ ಎಳೆದು ನೀನು ಎಳೆಯದೆ ಬಿಟ್ಟ ಜಾಗಗಳಿಂದ ಮಾತು ಶುರು ಮಾಡಿ.